ಸೆಲ್ಬೋರ್ನಿನ ಗಿಲ್ಬರ್ಟ್ ವೈಟ್

ಲಂಡನ್ ನಗರದಿಂದ ನೈಋತ್ಯ ದಿಕ್ಕಿಗೆ ಸುಮಾರು ಐವತ್ತು ಮೈಲಿ ದೂರದಲ್ಲಿ, ಹ್ಯಾಂಪ್‌ಷೈರ್ ಪ್ರಾಂತದ ಒಂದು ಮೂಲೆಯಲ್ಲಿ, ಸೆಲ್ಬೋರ್ನ್ ಎಂಬ ಹಳ್ಳಿಯಿದೆ. ಊರಿಗೆ ಇರುವುದು ಒಂದು ದೊಡ್ಡ ಬೀದಿ. ಬೀದಿಯ ಹಿಂದೆ ಸುಣ್ಣಕಲ್ಲಿನ ಗುಡ್ಡ; ಗುಡ್ಡದ ಇಳಿಜಾರಿನಲ್ಲಿ ಬೀಚ್ ಮರಗಳ ದಟ್ಟವಾದ ಕಾಡು. ಇಗರ್ಜಿಯ ಅಂಗಳದಲ್ಲಿ ಬಹು ಪುರಾತನವಾದ ಯೂ ಮರವೊಂದಿತ್ತು. ಅದು 1990ರ ಬಿರುಗಾಳಿಗೆ ಉರುಳಿತು. 1783ರಲ್ಲಿ ತಲೆಯೆಣಿಸಿದಾಗ ಸುತ್ತಣ ಒಕ್ಕಲುಮನೆಗಳೂ ಸೇರಿ ಅಲ್ಲಿದ್ದವರು 676 ಮಂದಿ. ರಾಜಮಹಾರಾಜರ ಚರಿತ್ರೆಯಲ್ಲಿ ಈ ಊರಿಗೆ ಹೇಳಿಕೊಳ್ಳುವಂಥ ಸ್ಥಾನವೇನೂ ಇಲ್ಲ. ಆದರೂ ಹಕ್ಕಿಪಕ್ಷಿಗಳನ್ನು ನೋಡಿ, ಗುರುತಿಸಿ, ಬರೆದಿಡುವ ಹವ್ಯಾಸವುಳ್ಳವರು ಯಾವ ದೇಶದಲ್ಲಿದ್ದರೂ ಸೆಲ್ಬೋರ್ನಿನ ಹೆಸರನ್ನು ಬಲ್ಲರು. ಇದಕ್ಕೆ ಕಾರಣನಾದವನು ಆ ಊರಿನ ಒಬ್ಬ ಉಪಪಾದ್ರಿ, ಗಿಲ್ಬರ್ಟ್ ವೈಟ್.

ವೈಟನು ಹುಟ್ಟಿದ್ದು 1720ನೆಯ ಜುಲೈ 18ರಂದು, ಸೆಲ್ಬೋರ್ನಿನ ಪಾದ್ರಿಮನೆಯಲ್ಲಿ. ಅಜ್ಜನು ಆ ಊರಿನ ಪಾದ್ರಿ. ಆತನ ಹೆಸರೂ ಗಿಲ್ಬರ್ಟ್ ವೈಟ್ ಎಂದೇ. ತಂದೆ ವಕೀಲಿ ಓದಿದವನು. ಹುಡುಗನು ಬೇಸಿಂಗ್‌ಸ್ಟೋಕ್ ಊರಿನಲ್ಲಿ ಓದಿ, ಅನಂತರ ಆಕ್ಸ್‌ಫರ್ಡಿನ ಓರಿಯಲ್ ಕಾಲೇಜನ್ನು ಸೇರಿ, 1743ರಲ್ಲಿ ಬಿ.ಎ. ಪದವಿಯನ್ನು ಪಡೆದನು. ಮರುವರ್ಷವೇ ಆ ಕಾಲೇಜಿನ ಫೆಲೋ ಆಗಿ ಆಯ್ಕೆಯಾದನು. ಮುಂದೆ ದೀಕ್ಷೆ ಪಡೆದು ಪಾದ್ರಿಯಾದನು. ಇಂಥವನಿಗೆ ದೊಡ್ಡ ಹುದ್ದೆಗಳು ದೊರೆಯುವುದು ಕಷ್ಟವಾಗಿರಲಿಲ್ಲ. ಆದರೆ ಅವನ ಮನಸ್ಸೆಲ್ಲ ಹುಟ್ಟೂರಿನ ಮೇಲೆ. ಸೆಲ್ಬೋರ್ನಿನ ಪಾದ್ರಿಯನ್ನು ನೇಮಿಸುವ ಹಕ್ಕೋ ಆಕ್ಸ್‌ಫರ್ಡಿನ ಮತ್ತೊಂದು ಕಾಲೇಜಾದ ಮ್ಯಾಗ್ಡಲೆನ್ನಿನದು. ಓರಿಯಲ್ಲಿನವನಾದ ವೈಟನಿಗೆ ಆ ಸ್ಥಾನ ದಕ್ಕುವಂತಿರಲಿಲ್ಲ. ಆದ್ದರಿಂದ ಅವನು ಬದುಕಿನುದ್ದಕ್ಕೂ ಉಪಪಾದ್ರಿಯಾಗಿಯೇ ಉಳಿದನು; ನೆರೆಯ ಫ್ಯಾರಿಂಗ್ಡನ್ನಿನಲ್ಲಿ ಬಹುಕಾಲ, ಕೊನೆಯ ವರ್ಷಗಳಲ್ಲಿ ಸ್ವಂತ ಊರಿನಲ್ಲಿ. ಮದುವೆಯಾಗಲಿಲ್ಲ. ಗಾಡಿಯಲ್ಲಿ ಕುಳಿತರೆ ಅವನಿಗೆ ಹೊಟ್ಟೆ ತೊಳಸುತ್ತಿತ್ತಂತೆ. ಪ್ರಯಾಣವೆಂದರೆ ಕುದುರೆಯ ಮೇಲೆಯೇ. ಬಡ್ತಿಗಾಗಿ ಊರು ಬಿಡದವನನ್ನು ಜನರು ಕೈಲಾಗದವನೆನ್ನುವುದುಂಟು. ವೈಟನ ವಿಷಯದಲ್ಲಿ ನನಗೆ ಹಾಗೆ ತೋರುವುದಿಲ್ಲ. ಒಂದೇ ಗುಡ್ಡವನ್ನು ನಲವತ್ತು ವರ್ಷ ಹತ್ತಿ ಇಳಿದವನಿಗೆ ಕಾಣುವುದು ನಲವತ್ತು ಗುಡ್ಡಗಳನ್ನು ಒಂದೊಂದು ಸಲ ಹತ್ತಿದವನಿಗೆ ಕಾಣಲಾರದು.

ಬರೆದಿಡುವ ಅಭ್ಯಾಸವು ಅವನಲ್ಲಿ ಮೊದಲಾದದ್ದು ತೋಟದಿಂದ. 1751ರಲ್ಲಿ ಅವನು ತೋಟದ ದಿನಚರಿಯೊಂದನ್ನು ಆರಂಭಿಸಿದನು. ಯಾವ ದಿನ ಯಾವ ಬೀಜ ಹಾಕಿದೆ, ಯಾವಾಗ ಮೊಳೆಯಿತು, ಕರ್ಬೂಜದ ಪಾತಿಗೆ ಎಷ್ಟು ಗೊಬ್ಬರ ಬಿತ್ತು, ಇಂಥ ವಿಷಯಗಳೇ ಅದರ ತುಂಬ. ಕ್ರಮೇಣ ಬೇಲಿಯ ಆಚೆಗೂ ಕಣ್ಣು ಹರಿಯಿತು. 1766ರಲ್ಲಿ ಊರ ಸುತ್ತಣ ಸಸ್ಯಗಳು ಹೂಬಿಡುವ ದಿನಗಳನ್ನು ಗುರುತು ಹಾಕಿಕೊಂಡನು. 1768ರಿಂದ ಅವನ ಕೈಗೆ ಒಂದು ಹೊಸ ಸಾಧನ ಬಂತು. ಡೇನ್ಸ್ ಬ್ಯಾರಿಂಗ್ಟನ್ ಎಂಬ ನ್ಯಾಯಾಧೀಶನು ಪ್ರಕೃತಿ ವೀಕ್ಷಕರಿಗಾಗಿ ಅಚ್ಚುಹಾಕಿದ ಕಾಲಮುಗಳುಳ್ಳ ಒಂದು ಪುಸ್ತಕವನ್ನು ರೂಪಿಸಿದ್ದನು. ವಾರಕ್ಕೊಂದು ಪುಟ. ಗಾಳಿಯ ದಿಕ್ಕು, ಮಳೆಯ ಅಳತೆ, ವಾಯುಭಾರ, ಉಷ್ಣತೆ, ಚಿಗುರಿದ ಮರ, ಅರಳಿದ ಹೂ, ಕಾಣಿಸಿಕೊಂಡ ಅಥವಾ ಮರೆಯಾದ ಹಕ್ಕಿ ಮತ್ತು ಕೀಟ, ಹೀಗೆ ಒಂದೊಂದಕ್ಕೂ ಒಂದೊಂದು ಮನೆ. ವೈಟನು ಈ ಮನೆಗಳನ್ನು ಇಪ್ಪತ್ತೈದು ವರ್ಷ, ಸಾಯುವ ತಿಂಗಳಿನವರೆಗೂ, ತುಂಬುತ್ತಲೇ ಹೋದನು.

ಇಲ್ಲಿ ಒಂದು ಮಾತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ತಂದೆಯವರಿಗೆ ಓದುಬರಹ ಬಾರದು. ಆದರೆ ಬೆಳಗಿನ ಜಾವ ಹೊಲದ ಬದುವಿನಲ್ಲಿ ಕೂಗಿದ್ದು ಯಾವ ಹಕ್ಕಿ, ಗೀಜಗನು ಯಾವ ಮಳೆ ನಕ್ಷತ್ರಕ್ಕೆ ಗೂಡು ನೇಯಲು ತೊಡಗುತ್ತದೆ, ಇದನ್ನೆಲ್ಲ ಅವರು ಎತ್ತು ಹೂಡುತ್ತಲೇ ಹೇಳಬಲ್ಲರು. ಹೋದ ವರ್ಷ ಅದು ಎಂದು ಬಂತು, ಹತ್ತು ವರ್ಷದ ಹಿಂದೆ ಎಂದು ಬಂದಿತ್ತು ಎಂದರೆ ಮಾತ್ರ ಅವರು ನಕ್ಕು ಸುಮ್ಮನಾಗುತ್ತಾರೆ. ಸೆಲ್ಬೋರ್ನಿನ ಒಕ್ಕಲಿಗರೂ ಇಂಥವರೇ ಆಗಿದ್ದಿರಬೇಕು. ಅವರು ಕಂಡದ್ದನ್ನೇ ವೈಟನೂ ಕಂಡನು. ಆದರೆ ಅವನು ಕಂಡದ್ದರ ಎದುರಿಗೆ ತಾರೀಖು ಹಾಕಿದನು.

ಅವನಿಗೆ ಒಕ್ಕಲಿಗರ ನೆರವು ಎಷ್ಟಿತ್ತೆಂಬುದಕ್ಕೆ ಸುಗ್ಗಿಯ ಇಲಿಯ ಕಥೆಯೇ ಸಾಕು. ಗೋಧಿ ಕೊಯ್ಲಿನ ಕಾಲದಲ್ಲಿ ಹೊಲದಲ್ಲಿ ಅತಿ ಸಣ್ಣ ಇಲಿಯೊಂದು ಕಾಣುತ್ತಿತ್ತು. ಅದು ನೆಲದಲ್ಲಿ ಮಾತ್ರ ಇರದೆ ಪೈರಿನ ಕಡ್ಡಿಗಳ ನಡುವೆ, ನೆಲಕ್ಕಿಂತ ಮೇಲೆ, ಗೂಡು ಕಟ್ಟುತ್ತಿತ್ತು. ಅಂಥದೊಂದು ಗೂಡನ್ನು ಯಾರೋ ವೈಟನಿಗೆ ತಂದುಕೊಟ್ಟರು. ಗೋಧಿಯ ಎಲೆಗಳನ್ನು ಹೆಣೆದು ಮಾಡಿದ್ದು. ಕ್ರಿಕೆಟ್ ಚೆಂಡಿನಷ್ಟು ಗಾತ್ರ. ಒಳಗೆ ಕಣ್ಣು ತೆರೆಯದ, ಮೈಮೇಲೆ ಕೂದಲಿಲ್ಲದ ಎಂಟು ಮರಿಗಳು. ಆದರೂ ಮೇಜಿನ ಮೇಲೆ ಉರುಳಿಸಿದರೆ ಉರುಳುವಷ್ಟು ಗುಂಡಗೆ, ಬಿಗಿಯಾಗಿ ಇತ್ತು. ಬಾಗಿಲೆಂಬುದೇ ಕಾಣದು. ತಾಯಿಯು ಯಾವ ಕಡೆಯಿಂದ ಒಳಹೊಕ್ಕು ಹಾಲೂಡಿಸುತ್ತದೆ ಎಂದು ವೈಟನು ತಲೆ ಕೆಡಿಸಿಕೊಂಡನು. ಬೆಳೆದ ಇಲಿಗಳೆರಡನ್ನು ತಕ್ಕಡಿಗೆ ಹಾಕಿ ತೂಗಿದನು. ಎರಡೂ ಸೇರಿ ಒಂದು ಅರ್ಧ ಪೆನ್ನಿಯ ತಾಮ್ರದ ನಾಣ್ಯಕ್ಕೆ ಸಮನಾದವು! 1767 ಮತ್ತು 1768ರಲ್ಲಿ ಬರೆದ ಕಾಗದಗಳಲ್ಲಿ ಅವನು ಕೊಟ್ಟ ಈ ವಿವರಣೆಯಿಂದಲೇ ಬ್ರಿಟನ್ನಿನ ವಿದ್ವಾಂಸರಿಗೆ ತಮ್ಮ ನಾಡಿನಲ್ಲಿ ಇಂಥ ಇಲಿಯುಂಟೆಂಬುದು ತಿಳಿದದ್ದು. ಕೊಯ್ಲಿನ ಆಳುಗಳಿಗೆ ಮಾತ್ರ ಅದು ಮೊದಲೇ ಗೊತ್ತಿತ್ತು. ಅವರ ಹೆಸರುಗಳು ಪುಸ್ತಕದಲ್ಲಿ ಹೆಚ್ಚಾಗಿ ಬರುವುದಿಲ್ಲ. ಇದೊಂದು ಕೊರತೆಯೆಂದೇ ನನ್ನ ಭಾವನೆ. ದಿನಚರಿಯಲ್ಲಿ ಥಾಮಸ್ ಹೋರ್ ಎಂಬ ತೋಟದ ಆಳಿನ ಹೆಸರಾದರೂ ಮತ್ತೆ ಮತ್ತೆ ಕಾಣುತ್ತದೆಂಬುದು ಸಮಾಧಾನ.

ವೈಟನ ಕೀರ್ತಿಗೆ ಮುಖ್ಯ ಕಾರಣವಾದ ಇನ್ನೊಂದು ಕೆಲಸವಿದೆ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂಗ್ಲೆಂಡಿನ ಕಾಡುಗಳಿಗೆ ವಸಂತಕಾಲದಲ್ಲಿ ಎಲೆಯ ಬಣ್ಣದ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಕ್ಕಿಗಳು ಬರುತ್ತವೆ. ಎಲೆಗಳ ನಡುವೆ ಸದಾ ಸುಳಿದಾಡುವ ಇವು ಒಂದು ಕ್ಷಣವೂ ನಿಲ್ಲವು. ಎಲ್ಲವನ್ನೂ ಜನರು ವಿಲೋ ರೆನ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದರು. ದೂರದರ್ಶಕವನ್ನು ಕೊರಳಿಗೆ ಹಾಕಿಕೊಂಡು ತಿರುಗುವ ಕಾಲವಲ್ಲ ಅದು. ವೈಟನು ಮೊದಲು ಕಿವಿಗೊಟ್ಟನು. ಒಂದು ಹಕ್ಕಿ ಎರಡೇ ಸ್ವರಗಳನ್ನು ಸುತ್ತಿಗೆಯ ಪೆಟ್ಟಿನಂತೆ ಬಡಿಯುತ್ತಿತ್ತು. ಇನ್ನೊಂದು ಮೆಲ್ಲಗೆ ಇಳಿಯುವ ಇಂಪಾದ ಹಾಡನ್ನು ಹಾಡುತ್ತಿತ್ತು. ಮೂರನೆಯದು ಎತ್ತರದ ಬೀಚ್ ಮರಗಳ ತುದಿಯಲ್ಲಿ ಕುಳಿತು, ರೆಕ್ಕೆಗಳನ್ನು ನಡುಗಿಸುತ್ತ, ಮಿಡತೆಯಂತೆ ಸಿರ್ರೆನ್ನುತ್ತಿತ್ತು. ಕಿವಿಗೆ ಮೂರಾದದ್ದು ಕಣ್ಣಿಗೂ ಮೂರಾಗಬೇಕಲ್ಲವೇ? ಅವನು ಒಂದೊಂದನ್ನೂ ಹೊಡೆಸಿ ತರಿಸಿ ಎದುರಿಗಿಟ್ಟುಕೊಂಡು ಹೋಲಿಸಿದನು. ಒಂದರ ಕಾಲು ಕಪ್ಪು. ಮರದ ತುದಿಯಲ್ಲಿರುವುದು ಉಳಿದೆರಡಕ್ಕಿಂತ ದೊಡ್ಡದು, ಮೈ ಹಳದಿ ಹಸಿರು. 1768ರ ಆಗಸ್ಟ್ 17ರ ಕಾಗದದಲ್ಲಿ, ಇವು ಮೂರು ಬೇರೆ ಬೇರೆ ಜಾತಿಗಳೆಂಬುದರಲ್ಲಿ ಇನ್ನು ಸಂದೇಹವಿಲ್ಲವೆಂದು ಅವನು ತಿಳಿಸಿದನು. ಇಂದು ಅವನ್ನು ಚಿಫ್‌ಚಾಫ್, ವಿಲೋ ವಾರ್ಬ್ಲರ್, ವುಡ್ ವಾರ್ಬ್ಲರ್ ಎನ್ನುತ್ತಾರೆ. ಇದೇ ಕುಲದ ಹಸಿರು ಹಕ್ಕಿಗಳು ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಕರ್ನಾಟಕಕ್ಕೂ ಬರುತ್ತವೆ. ಪಳಗಿದವರು ಈಗಲೂ ಅವನ್ನು ಕೂಗಿನಿಂದಲೇ ಬಿಡಿಸಿ ಹೇಳುತ್ತಾರೆ.

ಹೀಗೆ ಹಕ್ಕಿಯನ್ನು ಕೊಂದು ಗುರುತಿಸುವುದು ನಮಗೆ ಇಂದು ಒಪ್ಪುವುದಿಲ್ಲ. ಆ ಕಾಲದಲ್ಲಿ ಅದಕ್ಕೆ ಬೇರೆ ದಾರಿ ಕಡಿಮೆಯಿತ್ತು. 1780ರ ಬೇಸಗೆಯಲ್ಲಿ ಗುಡ್ಡದ ಕಾಡಿನ ಎತ್ತರವಾದ ಬೀಚ್ ಮರದಲ್ಲಿ ಜೇನುಗಿಡುಗಗಳ ಜೋಡಿಯೊಂದು ಗೂಡು ಕಟ್ಟಿದಾಗ, ಎದೆಗಾರ ಹುಡುಗನೊಬ್ಬನು ಮರ ಹತ್ತಿ ಅದರಲ್ಲಿದ್ದ ಒಂದೇ ಮೊಟ್ಟೆಯನ್ನು ತಂದನು. ಇದನ್ನು ಓದುವಾಗ ಮನಸ್ಸು ಹಿಂಡುತ್ತದೆ. ಆದರೆ ಅದೇ ವೈಟನು ರೇವನ್ ಎಂಬ ಕಾಡುಕಾಗೆಯ ಕಥೆಯನ್ನೂ ಬರೆದವನು. ಊರಿನ ಒಂದು ತೋಪಿನಲ್ಲಿ ನಡುವೆ ಉಬ್ಬಿದ ಓಕ್ ಮರವೊಂದಿತ್ತು. ಅದರ ಮೇಲೆ ವರ್ಷ ವರ್ಷವೂ ಒಂದು ಜೋಡಿ ಕಾಗೆ ಗೂಡು ಕಟ್ಟುತ್ತಿತ್ತು. ಊರ ಹುಡುಗರಲ್ಲಿ ಯಾರಿಗೂ ಆ ಉಬ್ಬನ್ನು ದಾಟಿ ಹತ್ತಲು ಆಗಿರಲಿಲ್ಲ. ಒಂದು ಫೆಬ್ರವರಿ ತಿಂಗಳಿನಲ್ಲಿ, ಕಾಗೆಯು ಕಾವಿಗೆ ಕುಳಿತಿದ್ದಾಗಲೇ, ಮರವನ್ನು ಕಡಿಯಲು ಬಂದರು. ಗರಗಸ ಹಾಕಿದರು, ಬೆಣೆ ಹೊಡೆದರು, ಮರ ವಾಲಿತು. ತಾಯಿ ಮಾತ್ರ ಏಳಲಿಲ್ಲ. ಮರ ಬಿದ್ದಾಗ ರೆಂಬೆಗಳ ಹೊಡೆತಕ್ಕೆ ಸಿಕ್ಕಿ ಸತ್ತು ನೆಲಕ್ಕುರುಳಿತು. ವೈಟನು ಇದನ್ನು ಹೆಚ್ಚಿನ ಅಲಂಕಾರವಿಲ್ಲದೆ, ಕಂಡ ಸಂಗತಿಯಂತೆ ಹೇಳಿ ಮುಗಿಸುತ್ತಾನೆ. ಒಮ್ಮೆ ಓದಿದವರು ಮರೆಯಲಾರರು.

ಅವನ ಕುತೂಹಲಕ್ಕೆ ಇಂಥದೇ ಎಂಬ ಮಿತಿಯಿರಲಿಲ್ಲ. ಸಂಗೀತ ಬಲ್ಲ ಗೆಳೆಯನೊಬ್ಬನು ಶ್ರುತಿಪೀಪಿಯನ್ನು ಹಿಡಿದು ತನ್ನ ನೆರೆಯ ಗೂಬೆಗಳನ್ನೆಲ್ಲ ಪರೀಕ್ಷಿಸಿ, ಎಲ್ಲವೂ ಬಿ ಫ್ಲ್ಯಾಟ್ ಸ್ವರದಲ್ಲಿಯೇ ಕೂಗುತ್ತವೆಂದು ತಿಳಿಸಿದನು. ಮತ್ತೊಬ್ಬ ನೆರೆಯವನು ಇಲ್ಲ, ಮೂರು ಶ್ರುತಿಗಳಲ್ಲಿ ಕೂಗುತ್ತವೆ ಎಂದನು. ವೈಟನು ಎರಡನ್ನೂ ಬರೆದಿಟ್ಟು, ಈ ಭೇದವು ಜಾತಿಯಿಂದ ಬಂದದ್ದೋ ಒಂದೊಂದು ಗೂಬೆಯ ಸ್ವಭಾವವೋ ಎಂದು ಕೇಳಿ ಬಿಟ್ಟನು. ಜೇನುಹುಳುಗಳಿಗೆ ಕಿವಿಯುಂಟೇ ಎಂದು ತಿಳಿಯಲು ಗೂಡಿನ ಬಳಿ ದೊಡ್ಡ ಕಹಳೆಯಲ್ಲಿ ಕೂಗಿ ನೋಡಿದನು. ಅವು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದುವು. ಸೋದರತ್ತೆ ಸತ್ತಾಗ ಆಕೆ ಸಾಕಿದ್ದ ಟಿಮೊತಿ ಎಂಬ ಆಮೆ 1780ರ ಮಾರ್ಚಿಯಲ್ಲಿ ಅವನ ಪಾಲಿಗೆ ಬಂತು. ಮಣ್ಣಿನಲ್ಲಿ ಹೂತುಕೊಂಡು ಚಳಿಗಾಲದ ನಿದ್ರೆಯಲ್ಲಿದ್ದ ಅದನ್ನು ಅಗೆದು ತೆಗೆಸಿ, ಬಾಡಿಗೆ ಗಾಡಿಯಲ್ಲಿ ಎಂಬತ್ತು ಮೈಲಿ ತಂದನು. ಗಾಡಿಯ ಕುಲುಕಾಟಕ್ಕೆ ಎಚ್ಚರಗೊಂಡ ಆಮೆ ತೋಟದ ಕೊನೆಯವರೆಗೆ ಎರಡು ಸಲ ನಡೆದುಹೋಗಿ, ಸಂಜೆಗೆ ಮತ್ತೆ ಮಣ್ಣಿನೊಳಗೆ ಹುದುಗಿಕೊಂಡಿತಂತೆ. ಗಂಡು ಹೆಸರಿನ ಈ ಆಮೆ ಹೆಣ್ಣೆಂಬುದು ತಿಳಿದದ್ದು ವೈಟನೂ ಆಮೆಯೂ ತೀರಿಕೊಂಡ ಮೇಲೆ. 1777ರ ಮೇ ತಿಂಗಳ ಕಾಗದದಲ್ಲಿ ಅವನು ಎರೆಹುಳುಗಳನ್ನು ಕುರಿತು ಬರೆದನು: ರೈತರು ಹೇಸುವ ಈ ಹುಳುಗಳು ನೆಲವನ್ನು ಕೊರೆದು, ಸಡಿಲಿಸಿ, ಕಸಕಡ್ಡಿಯನ್ನು ಒಳಗೆಳೆದು ಮಣ್ಣನ್ನು ಹದಗೊಳಿಸುತ್ತವೆ, ಅವಿಲ್ಲದಿದ್ದರೆ ನೆಲ ಬರಡಾದೀತು. ನೂರು ವರ್ಷದ ಬಳಿಕ, 1881ರಲ್ಲಿ, ಚಾರ್ಲ್ಸ್ ಡಾರ್ವಿನ್ನನು ಇದೇ ವಿಷಯವಾಗಿ ಒಂದು ಇಡೀ ಗ್ರಂಥವನ್ನು ಬರೆದನು. ಡಾರ್ವಿನ್ನನು ಬಾಲ್ಯದಲ್ಲಿ ವೈಟನ ಪುಸ್ತಕವನ್ನು ಓದಿಯೇ ಹಕ್ಕಿಗಳನ್ನು ಗಮನಿಸಲು ತೊಡಗಿದವನು. 1857ರಲ್ಲಿ ಸೆಲ್ಬೋರ್ನಿಗೂ ಹೋಗಿಬಂದನು.

1783ರ ಬೇಸಗೆಯ ಪುಟಗಳು ವಿಚಿತ್ರವಾಗಿವೆ. ಜೂನ್ 23ರಿಂದ ಜುಲೈ 20ರವರೆಗೆ ಒಂದು ಬಗೆಯ ಹೊಗೆಮಂಜು ಕವಿದಿತ್ತು. ನಡುಮಧ್ಯಾಹ್ನದ ಸೂರ್ಯನು ಮೋಡದ ಮರೆಯ ಚಂದ್ರನಂತೆ ಮಂಕಾಗಿದ್ದನು, ಮುಳುಗುವಾಗ ರಕ್ತವರ್ಣ. ಕೊಯ್ದ ಮಾಂಸ ಮರುದಿನಕ್ಕೆ ಉಳಿಯುತ್ತಿರಲಿಲ್ಲ. ಹಳ್ಳಿಯ ಜನ ಅಪಶಕುನವೆಂದು ಹೆದರಿದರು. ಐಸ್‌ಲೆಂಡಿನ ಲಾಕಿ ಎಂಬಲ್ಲಿ ಆ ಜೂನ್ ತಿಂಗಳಿನಲ್ಲಿ ನೆಲ ಬಿರಿದು ಜ್ವಾಲಾಮುಖಿ ಹೊಮ್ಮಿದ್ದೇ ಇದಕ್ಕೆ ಕಾರಣ. ವೈಟನು ಸಂಗತಿಗಳನ್ನು ದಿನವಾರು ಗುರುತಿಸಿದ್ದರಿಂದ ಆ ಹೊಗೆ ಇಂಗ್ಲೆಂಡನ್ನು ಮುಟ್ಟಿದ ಕ್ರಮವನ್ನು ತಿಳಿಯಬಯಸುವವರಿಗೆ ಇಂದಿಗೂ ಅವನ ಬರಹ ಬೇಕಾಗಿದೆ.

ಇನ್ನು ಅವನನ್ನು ಜೀವಮಾನವೆಲ್ಲ ಕಾಡಿದ ಪ್ರಶ್ನೆಗೆ ಬರೋಣ. ಸ್ವಾಲೋ, ಮಾರ್ಟಿನ್, ಸ್ವಿಫ್ಟ್ ಎಂಬ ಹಕ್ಕಿಗಳು ವಸಂತದಲ್ಲಿ ಬಂದು ಗೂಡು ಕಟ್ಟಿ ಮರಿಮಾಡಿ ಕಾಣದಾಗುತ್ತವೆ. ನಮ್ಮಲ್ಲಿ ಚಳಿಗಾಲದಲ್ಲಿ ತಂತಿಗಳ ಮೇಲೆ ಸಾಲುಗಟ್ಟಿ ಕೂರುವ ಕವಲುಬಾಲದ ಹಕ್ಕಿಗಳನ್ನು ನೋಡಿದ್ದೀರಷ್ಟೆ. ಸ್ವಾಲೋ ಎಂದರೆ ಅದೇ ಜಾತಿ. ಅವು ಎಲ್ಲಿಗೆ ಹೋಗುತ್ತವೆ? ಕೆಲವು ಹಕ್ಕಿಗಳು ಪೊಟರೆಗಳಲ್ಲಿ ಅಡಗುತ್ತವೆಂದು ಅರಿಸ್ಟಾಟಲನೇ ಬರೆದಿದ್ದನು. ಕೆರೆಯ ತಳದಿಂದ ಬೆಸ್ತರ ಬಲೆಗೆ ಮುದ್ದೆಮುದ್ದೆಯಾಗಿ ಸ್ವಾಲೋಗಳು ಸಿಗುತ್ತವೆಂದು 1555ರಲ್ಲಿ ಸ್ವೀಡನ್ನಿನ ಪಾದ್ರಿ ಓಲಾಸ್ ಮ್ಯಾಗ್ನಸನು ಬರೆದನು. ಸಸ್ಯಶಾಸ್ತ್ರದ ಮಹಾಪಂಡಿತ ಲಿನೇಯಸನೂ ನೀರಿನಡಿಯ ನಿದ್ರೆಯನ್ನು ನಂಬಿದ್ದನು. ವೈಟನ ಕಾಗದಗಳನ್ನು ಪಡೆಯುತ್ತಿದ್ದ ಬ್ಯಾರಿಂಗ್ಟನ್ನನು ಹಕ್ಕಿಗಳು ಸಮುದ್ರ ದಾಟುತ್ತವೆಂಬುದನ್ನೇ ಒಪ್ಪದೆ 1772ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು.

ವೈಟನು ಎರಡು ಕಡೆಗೂ ಎಳೆಯಲ್ಪಟ್ಟನು. ತಮ್ಮ ಜಾನ್ ಜಿಬ್ರಾಲ್ಟರಿನಲ್ಲಿ ಸೈನ್ಯದ ಪಾದ್ರಿಯಾಗಿದ್ದನು. ವಸಂತದಲ್ಲಿಯೂ ಶರತ್ಕಾಲದಲ್ಲಿಯೂ ಹಕ್ಕಿಗಳು ಆ ಜಲಸಂಧಿಯನ್ನು ದಾಟುವುದನ್ನು ಆತನು ಕಣ್ಣಾರೆ ಕಂಡು ಅಣ್ಣನಿಗೆ ತಿಳಿಸಿದ್ದನು. ಆದರೆ ವೈಟನು ತನ್ನ ಊರಿನಲ್ಲಿ ಬೇರೆಯದನ್ನೂ ಕಂಡಿದ್ದನು. ವಾರಗಟ್ಟಲೆ ಮರೆಯಾಗಿದ್ದ ಮಾರ್ಟಿನ್‌ಗಳು ನವೆಂಬರಿನ ಬೆಚ್ಚಗಿನ ಒಂದು ದಿನ ಮತ್ತೆ ಹಾರಾಡುತ್ತಿದ್ದುವು. ವಸಂತದ ಆರಂಭದಲ್ಲಿ ಬಂದವು ಚಳಿ ಮರಳಿದೊಡನೆ ಮಾಯವಾಗುತ್ತಿದ್ದುವು. ಆಫ್ರಿಕಕ್ಕೆ ಹೋದವು ಒಂದು ದಿನದ ಬಿಸಿಲಿಗೆ ತಿರುಗಿ ಬಂದಾವೇ? ಎಲ್ಲ ಹೋಗದೆ ಕೆಲವು ಇಲ್ಲಿಯೇ ಎಲ್ಲೋ ಮಲಗಿರಬಹುದೆಂಬ ಆಸೆ ಅವನನ್ನು ಬಿಡಲಿಲ್ಲ. 1781ರ ವಸಂತದಲ್ಲಿ ಆಳುಗಳನ್ನು ಕರೆದುಕೊಂಡು ಗುಡ್ಡದ ಪೊದೆಗಳನ್ನೂ ಬೊಡ್ಡೆಗಳನ್ನೂ ತಡಕಿಸಿದನು. ಒಂದು ಹಕ್ಕಿಯೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಬರೆದನು.

ಇದನ್ನು ಓದಿ ವೈಟನು ತಪ್ಪು ದಾರಿ ಹಿಡಿದನೆಂದು ನಗುವವರಿದ್ದಾರೆ. ನನಗೆ ತೋರುವುದು ಹೀಗೆ: ನಂಬಿಕೆ ಒಂದು ಕಡೆಗೆ ಎಳೆಯುತ್ತಿದ್ದರೂ ಅವನು ಪುಟದ ಮೇಲೆ ಸುಳ್ಳು ಸಾಕ್ಷಿಯನ್ನು ಹಾಕಲಿಲ್ಲ. ಹುಡುಕುತ್ತ ಹೋದವನ ಕೈಗೆ ಸಿಕ್ಕಿದ್ದೇ ಬೇರೆ. ಈ ಹಕ್ಕಿಗಳ ಗೂಡು, ಮರಿ, ಆಹಾರ, ಹಾರಾಟಗಳನ್ನು ಕುರಿತ ಅವನ ನಾಲ್ಕು ಲೇಖನಗಳು 1774 ಮತ್ತು 1775ರಲ್ಲಿ ರಾಯಲ್ ಸೊಸೈಟಿಯ ಮುಂದೆ ಓದಲ್ಪಟ್ಟವು. ಊರಿಗೆ ವರ್ಷ ವರ್ಷವೂ ಬರುವ ಸ್ವಿಫ್ಟ್‌ಗಳು ಎಂಟು ಜೊತೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ ಎಂದು ಎಣಿಸಿದವನು ಅವನೇ. ಪ್ರತಿವರ್ಷ ಹುಟ್ಟುವ ಮರಿಗಳೆಲ್ಲ ಹಾಗಾದರೆ ಏನಾಗುತ್ತವೆ ಎಂದು ಕೇಳಿದವನೂ ಅವನೇ.

ಪುಸ್ತಕದ ವಿಷಯ. 1767ರಿಂದ ಪ್ರಾಣಿಶಾಸ್ತ್ರಜ್ಞನಾದ ಥಾಮಸ್ ಪೆನಂಟನಿಗೂ, 1769ರಿಂದ ಬ್ಯಾರಿಂಗ್ಟನ್ನನಿಗೂ ಬರೆದ ಕಾಗದಗಳೇ ಅದರ ತಿರುಳು. ಪೆನಂಟನಿಗೆ 44, ಬ್ಯಾರಿಂಗ್ಟನ್ನನಿಗೆ 66, ಒಟ್ಟು 110. ಮೊದಲಿನ ಒಂಬತ್ತು ಅಂಚೆಗೆ ಹಾಕಿದವಲ್ಲ; ಊರಿನ ಪರಿಚಯಕ್ಕೆಂದು ಆಮೇಲೆ ಸೇರಿಸಿದವು. ಪ್ರಕಟಿಸಿರೆಂಬ ಸಲಹೆ ಬಂದು ಹತ್ತು ವರ್ಷಕ್ಕೂ ಮಿಕ್ಕಿ ಅವನು ತಿದ್ದುತ್ತಲೇ ಇದ್ದನು. ಲಂಡನ್ನಿನಲ್ಲಿ ಪುಸ್ತಕ ವ್ಯಾಪಾರಿಯಾಗಿದ್ದ ತಮ್ಮ ಬೆಂಜಮಿನ್ ಅದನ್ನು ಹೊರತಂದನು. ಮುಖಪುಟದ ಮೇಲಿನ ವರ್ಷ 1789. ಅದೇ ಫ್ರಾನ್ಸಿನಲ್ಲಿ ಕ್ರಾಂತಿಯಾದ ವರ್ಷ. ಆಗ ವೈಟನಿಗೆ ಅರವತ್ತೆಂಟು ದಾಟಿತ್ತು. ಅಂದಿನಿಂದ ಅದು ಮರುಮುದ್ರಣಗೊಳ್ಳುತ್ತಲೇ ಬಂದಿದೆ.

1793ರ ಜೂನ್ 15ರಂದು ಅವನು ನಾರ್ಫೋಕ್ ಪ್ರಾಂತದ ರಾಬರ್ಟ್ ಮಾರ್ಷಮ್ ಎಂಬ ವೃದ್ಧ ವೀಕ್ಷಕನಿಗೆ ಕಾಗದ ಬರೆದನು. ಹನ್ನೊಂದು ದಿನ ಕಳೆದು, 26ರಂದು, ವೇಕ್ಸ್ ಎಂಬ ತನ್ನ ಮನೆಯಲ್ಲಿ ತೀರಿಕೊಂಡನು. ಇಗರ್ಜಿಯ ಅಂಗಳದಲ್ಲಿರುವ ಸಮಾಧಿಯ ಕಲ್ಲು ತೀರ ಸಣ್ಣದು. ಅದರ ಮೇಲೆ ಹೆಸರಿನ ಎರಡು ಮೊದಲಕ್ಷರ, ಒಂದು ತಾರೀಖು, ಬೇರೇನೂ ಇಲ್ಲ.

ಅವನ ಪ್ರಶ್ನೆಯು ನೂರ ಹತ್ತೊಂಬತ್ತು ವರ್ಷ ಹಾಗೆಯೇ ಕಾದಿತ್ತು. ಹಕ್ಕಿಗಳು ದಕ್ಷಿಣಕ್ಕೆ ಹೋಗುತ್ತವೆಂದು ಅಷ್ಟರಲ್ಲಿ ಬಲ್ಲವರೆಲ್ಲ ಒಪ್ಪಿದ್ದರು. ಇಂಗ್ಲೆಂಡಿನ ಇಂಥ ಸ್ವಾಲೋ ಇಂಥ ಕಡೆಗೆ ಹೋಯಿತೆಂದು ತೋರಿಸಿದವರಿರಲಿಲ್ಲ. 1911ರ ಮೇ 6ರಂದು ಸ್ಟ್ಯಾಫರ್ಡ್‌ಷೈರಿನ ಚೀಡಲ್ ಎಂಬಲ್ಲಿ ಜಾನ್ ಮೇಸ್‌ಫೀಲ್ಡ್ ಎಂಬ ವಕೀಲನು, ಈತನೂ ಹವ್ಯಾಸಿಯೇ, ತನ್ನ ಮನೆಯ ಹೊಸ್ತಿಲ ಬಳಿ ಗೂಡುಕಟ್ಟಿದ್ದ ಸ್ವಾಲೋ ಒಂದರ ಕಾಲಿಗೆ ಸಣ್ಣ ಲೋಹದ ಉಂಗುರವನ್ನು ತೊಡಿಸಿ ಬಿಟ್ಟನು. 1912ರ ಡಿಸೆಂಬರ್ 23ರಂದು ದಕ್ಷಿಣ ಆಫ್ರಿಕದ ನೇಟಾಲ್ ಪ್ರಾಂತದ ಒಂದು ಒಕ್ಕಲುಮನೆಯಲ್ಲಿ ಹಕ್ಕಿಯೊಂದು ಸಿಕ್ಕಿತು. ಅದರ ಕಾಲಿನಲ್ಲಿದ್ದ ಉಂಗುರದ ಸಂಖ್ಯೆ ಬಿ 830. ಚೀಡಲ್ಲಿನಲ್ಲಿ ಬರೆದಿಟ್ಟುಕೊಂಡಿದ್ದ ಸಂಖ್ಯೆಯೂ ಅದೇ.